ಗುಡ್ಡ ಹತ್ತಾಕ ಹರಕಿ ಯಾಕ ಬೇಕ್ರಿ?

ನಮ್ಮ ಸಿಂಧನೂರು, ಮಸ್ಕಿ, ಲಿಂಗಸೂರು ಕಡೆ ಹೆಣ್ಮಕ್ಕಳಿಗೆ ಗುಡ್ಡ ಹತ್ತಬ್ಯಾಡ ಅಂತ ಯಾರೂ ಅಂದಿಲ್ಲ. ಹರಕಿ ಇದ್ರ ಹತ್ತಬಹುದು. ಮಗನಿಗೆ ನೌಕರಿ ಸಿಕ್ರ ಹತ್ತಬಹುದು, ಮೊಮ್ಮಗನ ಜಾವಳ ಇದ್ರ ಹತ್ತಬಹುದು, ಗಂಡನ ಮೊಣಕಾಲು ನೋವು ಕಡಿಮಿ ಆದ್ರ ಹತ್ತಬಹುದು (ನೋವು ಅವರದು, ಮೆಟ್ಟಲು ನಮ್ಮವು). ಜಾತ್ರಿ, ಅಮಾಸಿ, ಶ್ರಾವಣ ಸೋಮವಾರ ಅಂದ್ರಂತೂ ಕೇಳೋದ ಬ್ಯಾಡ. ಆದ್ರ ಒಂದಿನ ಮುಂಜಾನೆ ಎದ್ದು, "ಸುಮ್ನ ಹೊಂಟೀವಿ, ಗಾಳಿ ಚೊಲೊ ಐತಿ, ಗುಡ್ಡದ ಮ್ಯಾಲ ಒಂದೆರಡು ತಾಸು ಕುಂತು ಬರ್ತೀವಿ" ಅಂತ ಹೇಳಿ ನೋಡ್ರಿ. ಮನಿಯೊಳಗ ಇದ್ದಷ್ಟೂ ಮಾರಿ ನಿಮ್ಮ ಕಡೆ ತಿರಗತಾವ. ಆ "ಸುಮ್ನ" ಅನ್ನೋ ಒಂದು ಮಾತಿನ ಪರವಾಗಿ ನಾನು ಇವತ್ತು ಜಗಳಕ್ಕ ನಿಂತೀನಿ.

ಜಗಳ ಈಗ ಯಾಕಂದ್ರ, ಹೊತ್ತು ಈಗ ಐತಿ. ಸಂಕ್ರಮಣ ದಾಟಿ ಕಾಮಣ್ಣನ್ನ ಸುಡೋ ತನಕ ಎಷ್ಟು ದಿನ ಅದಾವೋ ಅಷ್ಟ ನಮ್ಮ ಸೀಮಿಗೆ ಸಿಕ್ಕಿರೋ ವಸಂತ. ಪಂಚಾಂಗದಾಗ ವಸಂತ ಋತು ಯುಗಾದಿಗೆ ಶುರು ಆಗ್ತೈತಿ. ಆ ಪಂಚಾಂಗ ಮಾಡಿದವರು ರಾಯಚೂರು ಜಿಲ್ಲಾದಾಗ ಒಂದು ಏಪ್ರಿಲ್ ತಿಂಗಳು ಕಳದಿರಲಿಕ್ಕಿಲ್ಲ. ಯುಗಾದಿ ಬರೋದ್ರಾಗ ಇಲ್ಲಿ ಬಿಸಲು 40 ಡಿಗ್ರಿ ಹತ್ರ ಬಂದು ನಿಂತಿರ್ತೈತಿ, ಬಂಡಿಗಲ್ಲಿನ ಮ್ಯಾಲ ಕಾಲಿಟ್ರ ಕಾದ ಹಂಚಿನ ಮ್ಯಾಲ ರೊಟ್ಟಿ ಹಾಕಿದಂಗ. ಮಳಿಗಾಲದಾಗ ಅದೇ ಕಲ್ಲು ಪಾಚಿ ಕಟ್ಟಿ ಜಾರತೈತಿ. ಶಿವರಾತ್ರಿಗೆ ಥಂಡಿ ಶಿವಶಿವಾ ಅಂತ ಹೋಗ್ತೈತಿ ಅಂತಾರಲ್ಲ, ಆ ಹೋಗೋ ಥಂಡಿಗೂ ಬರೋ ಬಿಸಲಿಗೂ ನಡುವ ಇರೋ ವಾರಗಳು ಗುಡ್ಡಕ್ಕಂತಲೇ ಮಾಡಿದ್ವು. ನಸಕಿನ್ಯಾಗ ಶಾಲು ಹೊದ್ದು ಮನಿ ಬಿಡಬೇಕು, ಒಂಬತ್ತಕ್ಕ ಶಾಲು ಚೀಲ ಸೇರಬೇಕು.

ಸಿಂಧನೂರಿನಿಂದ ಮಸ್ಕಿ ಹಾದಿ ಹಿಡದ್ರ ಇದರ ಮಜಾ ತಿಳಿತೈತಿ. ತುಂಗಭದ್ರಾ ಎಡದಂಡೆ ಕಾಲುವಿ ನೀರು ಮುಟ್ಟಿದ ಕಡೆ ಎರಡನೇ ಬೆಳಿ ಭತ್ತ, ಕಣ್ಣು ಕುಕ್ಕೋ ಹಸರು. ನೀರು ಮುಟ್ಟದ ಕಡೆ ಜೋಳ ಕೊಯ್ದ ಕರಿ ಭೂಮಿ, ಕೂಳಿ, ಅಲ್ಲಲ್ಲಿ ಕಣಕಿ ಬಣವಿ. ಹೊಲದ ಬದುವಿನ್ಯಾಗ ಬಾರಿ ಹಣ್ಣು ಉದರಿರ್ತಾವ. ಎಲಿ ಎಲ್ಲಾ ಉದರಿಸಿಕೊಂಡು ಬೋಳಾದ ಮುತ್ತಗದ ಗಿಡದಾಗ ಒಮ್ಮಿಂದೊಮ್ಮಿ ಕೆಂಡದಂಥಾ ಹೂ ಕಾಣ್ತಾವ, ಬೇವಿನ ಗಿಡ ತಾಮ್ರದ ಬಣ್ಣದ ಚಿಗುರು ಬಿಡತೈತಿ. ಮಸ್ಕಿ ಬಂತಂದ್ರ ಊರ ತಲಿ ಮ್ಯಾಲ ಗುಡ್ಡ, ಗುಡ್ಡದ ತಲಿ ಮ್ಯಾಲ ಮಲ್ಲಯ್ಯ. ಈ ಸೀಮಿ ಬಂಡಿಗಲ್ಲು 250 ಕೋಟಿ ವರ್ಷದ ಆಚೀಚಿನವು ಅಂತ ಭೂಗರ್ಭ ಶಾಸ್ತ್ರದವರು ಹೇಳ್ತಾರ. ಅಷ್ಟು ವಯಸ್ಸಿನ ಹಿರ್ಯಾರು ಊರಾಗಿದ್ದು, ವರ್ಷಕ್ಕ ಒಂದು ಸಲ ಹರಕಿ ತೀರಸಾಕ ಅಷ್ಟ ಹೋಗಿ ಮಾತಾಡಿಸಿ ಬಂದ್ರ ಹೆಂಗ?

ಗುಡ್ಡ ಅಂದ ಕೂಡಲೇ ನಮ್ಮ ಮಂದಿಗೆ ಊಟಿ ನೆನಪಾಗ್ತೈತಿ. "ತಿರಗಾಡಾಕ ಹೋಗೋದಿದ್ರ ಊಟಿಗೆ ಹೋಗೂಣ, ಚಿಕ್ಕಮಗಳೂರಿಗೆ ಹೋಗೂಣ, ಈ ಕಲ್ಲಾಗ ಏನೈತಿ?" ಊಟಿಯನ್ನ ತಿರಗಾಡೋ ಊರು ಮಾಡಿದವರು ಬ್ರಿಟಿಷರು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಾಗ ಅಲ್ಲಿ ಮನಿ ಕಟ್ಟಿಸಿದ, ಯಾಕಂದ್ರ ಅವನಿಗೆ ತನ್ನ ದೇಶದ ಥಂಡಿ ಬೇಕಾಗಿತ್ತು. ಅವನಿಗೆ ಬೇಕಾಗಿತ್ತು, ಖರೆ. ನಮಗ ಗುಡ್ಡ ಅಂದ್ರ ಹಸರು ಇರಬೇಕು, ಮಂಜು ಇರಬೇಕು, ಕ್ಯಾರೆಟ್ ಮಾರಬೇಕು ಅನ್ನೋ ರುಚಿ ಹತ್ತಿಸಿದವರು ಅವರ. ಈಗ ಅದು ಇನ್ನೊಂದು ಹೆಜ್ಜಿ ಮುಂದ ಹೋಗಿ, ಮಾರ್ಚ್ ತಿಂಗಳದಾಗ ಮನಾಲಿಗೆ ಪ್ಯಾಕೇಜ್ ಬುಕ್ ಮಾಡಿ, ಬಾಡಿಗಿ ಬೂಟು ಬಾಡಿಗಿ ಕೋಟು ಹಾಕ್ಕೊಂಡು, ಅರ್ಧ ಕರಗಿದ ಹಿಮದ ಮ್ಯಾಲ ಫೋಟೋ ತೆಗಸಿಕೊಂಡು ಬರ್ತಾರ. ಹೋಗ್ಲಿ ಪಾಪ, ಅವರ ರೊಕ್ಕ. ಆದ್ರ ಹಂಗ ಬಂದವರು ವಾಪಸ್ ಬಂದು ನಮಗ, "ಮಸ್ಕಿ ಗುಡ್ಡಕ್ಕೇನು ಸುಮ್ನ ಹೋಗ್ತೀರಿ?" ಅಂತ ಕೇಳಿದ್ರ ಉರಿತೈತಿ.

ಕಲ್ಲಾಗ ಏನೈತಿ ಅನ್ನೋರು ಒಮ್ಮೆ ಗಂಗಾವತಿ ದಾಟಿ ಆನೆಗೊಂದಿ, ಸಾಣಾಪುರಕ್ಕ ಥಂಡಿ ದಿನದಾಗ ಹೋಗಿ ನೋಡ್ರಿ. ಸಮುದ್ರ ದಾಟಿ ಬಂದ ಹುಡಗ ಹುಡಗೀರು ಬೆನ್ನ ಮ್ಯಾಲ ದಪ್ಪ ಗಾದಿ ಹೊತ್ಕೊಂಡು ಭತ್ತದ ಬದು ಮ್ಯಾಲ ಹೊಂಟಿರ್ತಾರ. ಬಿದ್ರ ಪೆಟ್ಟಾಗಬಾರದಂತ ಆ ಗಾದಿ ಕೆಳಗ ಹಾಸಿ, ಕೈಗೆ ಸುಣ್ಣದಂಥಾ ಪುಡಿ ಹಚ್ಕೊಂಡು, ಹಗ್ಗ ಇಲ್ಲದ ಬಂಡಿ ಹತ್ತತಾರ. ನಮ್ಮಂಥದ ಕಲ್ಲು, ನಮ್ಮಂಥದ ಬಿಸಲು. ಬ್ಯಾಸಗಿ ಬಂತಂದ್ರ ಅವರೂ ಗಂಟು ಕಟ್ತಾರ, ಅಂದ್ರ ನಾನು ಹೇಳಿದ ಹೊತ್ತು ಅವರಿಗೂ ಗೊತ್ತೈತಿ. ಅಮೆರಿಕದ ಹೆಸರಾಂತ ಹತ್ತುಗಾರ ಕ್ರಿಸ್ ಶರ್ಮಾ ಮತ್ತವನ ಗೆಳೆಯರು ಹಂಪಿ ಬಂಡಿ ಹತ್ತಿದ್ದನ್ನ ಒಂದು ಸಿನಿಮಾ ಮಾಡ್ಯಾರ, ಅದರ ಹೆಸರು "ಪಿಲ್ಗ್ರಿಮೇಜ್". ತೀರ್ಥಯಾತ್ರೆ ಅಂತ! ಆಟಕ್ಕ ಬಂದವರು ಅದಕ್ಕ ತೀರ್ಥಯಾತ್ರೆ ಅಂತ ಹೆಸರಿಟ್ರ ಜಗತ್ತು ಚಪ್ಪಾಳಿ ಹೊಡಿತೈತಿ. ನಾವು ತೀರ್ಥಯಾತ್ರೆ ಅನ್ನದನ ಆಟಕ್ಕ ಹೋದ್ರ ಊರು ಮೂಗಿನ ಮ್ಯಾಲ ಬೊಟ್ಟಿಡತೈತಿ.

ಈ ಯಾತ್ರೆ ಲೆಕ್ಕ ಹೊಸದಲ್ಲ, ಭಾಳ ಹಳೇದು. ಮಸ್ಕಿ ಗುಡ್ಡದ ಮಗ್ಗಲಿಗೆ ಅಶೋಕನ ಶಾಸನ ಐತಿ, ಎಲ್ಲಾರಿಗೂ ಗೊತ್ತು. 1915ರಾಗ ಬೀಡನ್ ಅನ್ನೋ ಚಿನ್ನದ ಗಣಿ ಇಂಜಿನಿಯರ್ ಅದನ್ನ ಕಂಡುಹಿಡಿದ. ಅಲ್ಲಿ ತನಕ ಸಿಕ್ಕಿದ್ದ ಶಾಸನದಾಗೆಲ್ಲಾ ದೇವರಿಗೆ ಪ್ರಿಯನಾದವ, ಪ್ರಿಯದರ್ಶಿ ಅಂತ ಬಿರುದು ಇತ್ತೇ ಹೊರತು ಅಶೋಕ ಅನ್ನೋ ಹೆಸರು ಇರಲಿಲ್ಲ. ನಮ್ಮ ಮಸ್ಕಿ ಬಂಡಿ ಮ್ಯಾಲ ಆ ಹೆಸರು ಸಿಕ್ತು. ಶಾಲಿ ಹುಡ್ರಿಗೆ ಇಷ್ಟು ಕಲಿಸಿ ಬಿಡ್ತಾರ. ಅದರಾಗ ಏನು ಬರದೈತಿ ಅಂತ ಹೇಳೋದಿಲ್ಲ. ಸಣ್ಣವರಾದ್ರೂ ಮನಸ್ಸು ಹಚ್ಚಿದ್ರ ಮ್ಯಾಲಿಂದನ್ನ ಮುಟ್ಟಬಹುದು, ದೊಡ್ಡವರಿಗೆ ಅಷ್ಟ ಸಾಧ್ಯ ಅಂತ ತಿಳಕೋಬಾರದು ಅನ್ನೋ ಅರ್ಥ ಬರ್ತೈತಿ ಅದರಾಗ. ಅವ ಹೇಳಿದ್ದು ಧರ್ಮದ ಮಾತು, ಗುಡ್ಡದ ಮಾತಲ್ಲ. ಆದ್ರ ಗುಡ್ಡದ ಮಗ್ಗಲಿಗೇ ಬರಸ್ಯಾನಲ್ಲ, ನನಗ ಸಾಕು.

ಅಶೋಕನ ಮ್ಯಾಲ ನನ್ನದೊಂದು ತಕರಾರೂ ಐತಿ. ಗಿರ್ನಾರದ ಬಂಡಿ ಮ್ಯಾಲಿನ ಎಂಟನೇ ಶಾಸನದಾಗ ಅವ ಹೇಳ್ತಾನ: ಹಿಂದಿನ ರಾಜರು ವಿಹಾರ ಯಾತ್ರೆ ಹೋಗ್ತಿದ್ರು, ಬೇಟಿ ಆಡ್ತಿದ್ರು, ಮಜಾ ಮಾಡ್ತಿದ್ರು, ನಾನು ಅದರ ಬದ್ಲಿ ಧರ್ಮ ಯಾತ್ರೆ ಶುರು ಮಾಡೀನಿ ಅಂತ. ಬೇಟಿ ಬಿಟ್ಟಿದ್ದು ಚೊಲೊ ಆತು, ಜಿಂಕಿ ಉಳದ್ವು. ಆದ್ರ ಆ ಬದಲಾವಣಿ ನಮ್ಮ ಮನಿಗಳಾಗ ಹೆಣ್ಮಕ್ಕಳ ಪಾಲಿಗೆ ಇನ್ನೂ ಜಾರಿಯೊಳಗ ಐತಿ! ಗಂಡಸರಿಗೆ ವಿಹಾರ ಯಾತ್ರೆ ವಾಪಸ್ ಸಿಕ್ಕು ಎಷ್ಟೋ ಕಾಲ ಆತು. ಗೆಳೆಯರು ಕೂಡಿ ಗಾಡಿ ಮಾಡ್ಕೊಂಡು ಹೋಗ್ತಾರ, ಎಲ್ಲಿಗೆ ಅಂದ್ರ ಸುಮ್ನ. ಯಾಕ ಅಂದ್ರ ಸುಮ್ನ. ನಾವು ಮಾತ್ರ ಇನ್ನೂ ಮೌರ್ಯರ ಆಳ್ವಿಕಿಯೊಳಗ ಅದೀವಿ, ಧರ್ಮ ಯಾತ್ರೆಗೆ ಅಷ್ಟ ಪರ್ಮಿಶನ್.

ಹೋದ ವರ್ಷ ಶಿವರಾತ್ರಿ ಮುಗದ ಮ್ಯಾಲಿನ ಐತವಾರ ನಾವು ನಾಕು ಮಂದಿ ಹೋಗಿದ್ವಿ. ನಾನು, ನಮ್ಮ ನೆಗೆಣ್ಣಿ, ಎದುರುಮನಿ ಟೀಚರ್, ಮತ್ತವರ ತಾಯಿ. ಆ ಅಜ್ಜಿಗೆ 68 ವರ್ಷ. ಬುತ್ತಿ ಗಂಟಿನ್ಯಾಗ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮ್ಯಾಲ ಒಂದು ಬಂಡಿ ನೆರಳಿಗೆ ಕುಂತೀವಿ, ಹದ್ದೊಂದು ನಮ್ಮಕ್ಕಿಂತ ಕೆಳಗ ಹಾರ್ತಿತ್ತು. ಹದ್ದಿನ ಬೆನ್ನು ನಾನು ಅವತ್ತ ಮೊದಲು ನೋಡಿದ್ದು. ಅಷ್ಟರಾಗ ಮನಿ ಕಡಿಯವರ ಗುರ್ತಿನ ಹಿರಿಯರೊಬ್ರು ದರ್ಶನ ಮುಗಿಸಿ ಇಳ್ಯಾಕತ್ತಿದ್ರು, ನಿಂತ್ರು.

"ಏನವ್ವಾ, ಏನು ಹರಕಿ?"

"ಏನಿಲ್ರಿ ಕಾಕಾ, ಸುಮ್ನ ಬಂದೀವಿ."

"ಸುಮ್ನ?" ಅಂದ್ರು. ಗಂಟು ನೋಡಿದ್ರು, ನಮ್ಮನ್ನ ನೋಡಿದ್ರು. "ಮನ್ಯಾಗ ಹೇಳಿ ಬಂದೀರಿಲ್ಲವ್ವಾ?"

ಅಜ್ಜಿ ರೊಟ್ಟಿ ಮುರಕೊಂತ, "ನಮ್ಮನಿಗೆ ನಾನ ಹಿರೇಳು. ಯಾರಿಗೆ ಹೇಳಿ ಬರ್ಲಿ ತಮ್ಮಾ?" ಅಂದ್ಲು. ಅವರಿಗೂ ಅರವತ್ತರ ಮ್ಯಾಲಿರಬೇಕು, ತಮ್ಮಾ ಅನಸಿಕೊಂಡು ಸುಮ್ನ ಇಳದು ಹೋದ್ರು.

ಸಂಜಿ ಅನ್ನೋದ್ರಾಗ ರಾಯಚೂರಿನಿಂದ ನಮ್ಮ ಭಾವನವರ ಫೋನು, ನಮ್ಮನಿಯವರಿಗೆ. "ಏನಲೇ, ಮನ್ಯಾಗ ಏನರ ತ್ರಾಸ ಆಗೈತೇನು? ಹೆಣ್ಮಕ್ಕಳು ಗುಡ್ಡಕ್ಕ ಹೋಗಿದ್ರಂತ." ನಾನು ಮೊದಲು ನಕ್ಕೆ. ರಾತ್ರಿ ಬಾಂಡಿ ತಿಕ್ಕೋವಾಗ ಆ ಮಾತಿನ ಒಳಗಿಂದು ತಿಳಿತು. ಕೆಲಸ ಇಲ್ಲದ ಹೆಂಗಸು ಗುಡ್ಡಕ್ಕ, ಬಾವಿ ಕಡೆ, ಕಾಲುವಿ ದಂಡಿಗೆ ಹೋದ್ಲು ಅಂದ್ರ ನಮ್ಮ ಮಂದಿಗೆ ತಿಳಿಯೋದು ಒಂದ ಅರ್ಥ. ಬದುಕಿನ ಮ್ಯಾಲ ಬ್ಯಾಸರ ಬಂದೈತಿ ಅಂತ. ಹರಕಿ ಇದ್ರ ದೇವರ ಸಲುವಾಗಿ, ಹರಕಿ ಇಲ್ಲದಿದ್ರ ಸಾಯೋ ಸಲುವಾಗಿ. ಖುಷಿ ಸಲುವಾಗಿ ಹೋಗಬಹುದು ಅನ್ನೋ ಖಾನಿ ಅವರ ಲೆಕ್ಕದ ಬುಕ್ಕಿನ್ಯಾಗ ಇಲ್ಲ. ಭಾವನವರು ಕೆಟ್ಟವರಲ್ಲ, ಕಾಳಜಿಯಿಂದನ ಕೇಳಿದ್ರು. ಅದಕ್ಕ ಇನ್ನೂ ಸಂಕಟ.

ಆಮ್ಯಾಲ ನಮ್ಮ ಓಣಿಯೊಳಗ ವಿಚಾರಸ್ತಾ ಹೋದ್ರ ಇನ್ನೊಂದು ಸಂಗ್ತಿ ಬಯಲಿಗೆ ಬಂತು. ಅರ್ಧಕ್ಕರ್ಧ ಹರಕಿ ಸುಳ್ಳು! ಮನಿಯಿಂದ ಹೊರಗ ಬೀಳಾಕ ಒಂದು ನೆವ ಬೇಕು, ಮಲ್ಲಯ್ಯ ಇಲ್ಲ ಅನ್ನೋದಿಲ್ಲ. "ಐದು ಸೋಮವಾರ ಬರ್ತೀನಿ ಅಂತ ಬೇಡಿಕೊಂಡೀನಿ" ಅಂದ್ರ ಅತ್ತಿ ಮಾತಾಡಂಗಿಲ್ಲ, ಐದು ಸೋಮವಾರ ಗಾಳಿ ಸಿಕ್ತು. ದೇವರನ್ನ ಜಾಮೀನಿಗೆ ನಿಲ್ಲಿಸಿ ಎರಡು ತಾಸು ಸಾಲ ತಗೊಳ್ಳೋ ಬಾಳೇವು ಇದು. ನನಗ ದೇವರ ಮ್ಯಾಲ ಭಕ್ತಿ ಐತಿ, ಅದಕ್ಕ ಇದು ಸರಿ ಕಾಣಂಗಿಲ್ಲ. ದರ್ಶನಕ್ಕ ಹೋದಾಗ ದರ್ಶನಕ್ಕ ಹೋಗೀನಿ ಅನಬೇಕು, ಗಾಳಿಗೆ ಹೋದಾಗ ಗಾಳಿಗೆ ಹೋಗೀನಿ ಅನಬೇಕು.

"ನಿಮಗ ಚರಗ ಇಲ್ಲೇನು, ಪಂಚಮಿ ಜೋಕಾಲಿ ಇಲ್ಲೇನು?" ಅಂತಾರ. ಅದಾವ. ಎಳ್ಳಮಾಸಿಗೆ ಹೊಲಕ್ಕ ಹೋಗೋದು ನನಗೂ ಪ್ರೀತಿ. ಆದ್ರ ಹಿಂದಿನ ಎರಡು ದಿನ ಕಡಬು, ಹೋಳಿಗಿ, ಭಜ್ಜಿ, ಬರ್ತ, ಸಜ್ಜಿ ರೊಟ್ಟಿ ಬಡದವರು ಯಾರು? ಹೊಲದಾಗ ಬಡಸಿದವರು ಯಾರು, ಬಂದು ಪಾತ್ರಿ ತೊಳದವರು ಯಾರು? ಅಡಗಿಮನಿ ಹೊಲಕ್ಕ ಬಂತು, ನಾವು ಅಡಗಿಮನಿ ಬಿಟ್ಟು ಬರಲಿಲ್ಲ. ಮತ್ತ ಈ ಶಿವರಾತ್ರಿ ಆಸುಪಾಸಿನ ಬಂಗಾರದಂಥ ಹೊತ್ತು ಐತಲ್ಲ, ಅದನ್ನೂ ನಮ್ಮ ಕೈಯಿಂದ ಕಿತ್ಕೊಂಡಿದ್ದು ಸಂಡಗಿ, ಹಪ್ಪಳ, ಶಾವಗಿ, ಖಾರ ಕುಟ್ಟಸೋದು. ಬಿಸಲು ಬಿತ್ತು ಅಂದ್ರ ಮಾಳಗಿ ಮ್ಯಾಲ ಅರಿವಿ ಹಾಸು ಅಂತಾರ, ಗುಡ್ಡ ಹತ್ತು ಅನ್ನೋರಿಲ್ಲ. ಅದರ ಮ್ಯಾಲ ಹುಡ್ರ ಪರೀಕ್ಷಿ. ಪರೀಕ್ಷಿ ಬರಿಯೋದು ಹುಡ್ರು, ಮನಿ ಕಾಯೋದು ತಾಯಿ.

ಲೆಕ್ಕ ಬೇಕಂದ್ರ ಸರಕಾರದ್ದ ಐತಿ. 2019ರ ದೇಶದ ಸಮಯ ಬಳಕೆ ಸಮೀಕ್ಷೆಯೊಳಗ, ಪಗಾರ ಇಲ್ಲದ ಮನಿಗೆಲಸ ಮಾಡೋ ಹೆಣ್ಮಕ್ಕಳು ದಿನಕ್ಕ ಸರಾಸರಿ 299 ನಿಮಿಷ ಅದರಾಗ ಕಳೀತಾರ, ಅದೇ ಕೆಲಸ ಮಾಡೋ ಗಂಡಸರು 97 ನಿಮಿಷ. ಅದೂ ಮಾಡೋ ಗಂಡಸರು ಅಂದ್ರ ನೂರಕ್ಕ 26 ಮಂದಿ. ನಾನು ಕೇಳೋದು ವರ್ಷಕ್ಕ ನಾಕೈದು ಮುಂಜಾನಿ. ಅಷ್ಟಕ್ಕ ಇಷ್ಟು ವಿಚಾರಣಿ.

2023ರ ಜೂನ್‌ನ್ಯಾಗ ಶಕ್ತಿ ಯೋಜನೆ ಬಂತು, ಹೆಣ್ಮಕ್ಕಳಿಗೆ ಸರಕಾರಿ ಬಸ್ಸು ಫ್ರೀ ಆತು. ಅವತ್ತಿನಿಂದ ಬಸ್ಟ್ಯಾಂಡಿನ್ಯಾಗ ಒಂದ ಮಾತು ಕೇಳಿ ಕೇಳಿ ಕಿವಿ ಸೋತಾವ: "ಫ್ರೀ ಐತಂತ ಸುಮ್ನ ತಿರಗತಾರ." ನೋಡ್ರಿ, ಅಲ್ಲೂ ಅದೇ ಸುಮ್ನ! ಬೈಗಳ ಆಗಿ ಬಂದೈತಿ. ದವಾಖಾನಿಗೆ ಹೋದ್ರ ಸೈ, ಕೂಲಿಗೆ ಹೋದ್ರ ಸೈ, ಗುಡಿಗೆ ಹೋದ್ರ ಅರ್ಧ ಸೈ. ತಿರಗಾಕ ಹೋದ್ರ ತಪ್ಪು. ಯಾಕ? ಹೆಣ್ಮಕ್ಕಳು ತಿರಗಬಾರದಂತ ಆ ಯೋಜನೆಯೊಳಗ ಎಲ್ಲಿ ಬರದೈತಿ? ಸಿಂಧನೂರು, ಮಸ್ಕಿ, ಲಿಂಗಸೂರು ಮೂರೂ ಒಂದ ರೋಡಿನ ಮ್ಯಾಲ ಅದಾವ. ಆ ಬಸ್ಸು ನಮ್ಮನ್ನ ಗುಡ್ಡದ ಬುಡಕ್ಕ ತಂದು ಇಳಿಸ್ತೈತಿ. ಇದಕ್ಕಿಂತ ಚೊಲೊ ಉಪಯೋಗ ನನಗ ತೋಚಂಗಿಲ್ಲ.

ನಮ್ಮ ನಾದಿನಿ ಮಗ ನಾರ್ವೆ ದೇಶದಾಗ ನೌಕರಿ ಮಾಡ್ತಾನ. ಅಲ್ಲಿ ಈಸ್ಟರ್ ಹಬ್ಬ ಬಂದ್ರ, ಅಂದ್ರ ನಮ್ಮ ಯುಗಾದಿ ಆಜುಬಾಜು, ಮಂದಿ ಸಂಸಾರ ಸಮೇತ ಗುಡ್ಡದ ಗುಡಿಸಲಿಗೆ ಹೋಗಿ ಉಳೀತಾರಂತ. ಥಂಡಿ ಇನ್ನೂ ಪೂರ್ತಿ ಹೋಗಿರಂಗಿಲ್ಲ, ಬಿಸಲು ಶುರು ಆಗಿರ್ತೈತಿ. ಹಿಮದ ಮ್ಯಾಲ ಜಾರಿ, ಗ್ವಾಡಿಗೆ ಬೆನ್ನು ಹಚ್ಚಿ ಬಿಸಲಿಗೆ ಕುಂತು ಕಿತ್ತಳಿ ಹಣ್ಣು ತಿಂತಾರ, ಕೊಲಿ ಕಥಿ ಕಾದಂಬರಿ ಓದ್ತಾರ. ಹಬ್ಬ ದೇವರದು, ಗುಡ್ಡ ತಮ್ಮದು. 1957ರಾಗ ಕಾಯ್ದೆ ಮಾಡಿ, ಬೇಸಾಯ ಇಲ್ಲದ ಬಯಲು, ಗುಡ್ಡ, ಅಡವಿಯೊಳಗ ಯಾರು ಬೇಕಾದ್ರೂ ನಡದಾಡಬಹುದು ಅಂತ ಬರದಿಟ್ಟಾರ. ಕೊಲಿ ಕಾದಂಬರಿ ಯಾಕ ಅಂತ ನನಗ ತಿಳಿವಲ್ದು, ಉಳಿದದ್ದು ತಿಳಿತು. ಆ ಕಿತ್ತಳಿ ಹಣ್ಣು ಅಂದ್ರ ನಮ್ಮ ಬುತ್ತಿ ಗಂಟ.

ಖರೆ ಹೇಳ್ಬೇಕಂದ್ರ ನಮ್ಮ ಹೆಣ್ಮಕ್ಕಳಿಗೆ ಗುಡ್ಡದ ಖುಷಿ ಗೊತ್ತಿಲ್ಲ ಅಂತೇನಿಲ್ಲ. ಯುಗಾದಿಗೆ ಶ್ರೀಶೈಲಕ್ಕ ನಡಕೊಂತ ಹೋಗೋರನ್ನ ನೋಡ್ರಿ. ಕಂಬಿ ಹೊತ್ತವರ ಹಿಂದ, ಮಲ್ಲಯ್ಯನ ಹೆಸರು ಕೂಗಿಕೊಂತ ಆತ್ಮಕೂರು ದಾಟಿ, ವೆಂಕಟಾಪುರದಿಂದ ನಲ್ಲಮಲ ಅಡವಿ ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ, ಆಮ್ಯಾಲ ಕೈಲಾಸದ್ವಾರ. ಏರು ಅಂದ್ರ ಏರು, ಇಳುವು ಅಂದ್ರ ಇಳುವು. ನಾನೂ ಒಂದು ವರ್ಷ ಹೋಗೀನಿ. ಮನಿಯೊಳಗ ಮಾಳಗಿ ಹತ್ತಾಕ ಉಸ್ಸಪ್ಪಾ ಅನ್ನೋ ಹೆಣ್ಮಕ್ಕಳು ಅಲ್ಲಿ ಕಲ್ಲು ಹಿಡದು ಸರಸರ ಇಳೀತಾರ. ನೀರಾಗ ಕಾಲಿಟ್ಟು ಕುಂತು ನಗ್ತಾರ, ಹಂತಿ ಪದ ಹಾಡ್ತಾರ, ಸೊಸಿ ಅತ್ತಿಗೆ ಕೈ ಕೊಡ್ತಾಳ. ಆ ನಗಿ ಹರಕಿದಲ್ಲ, ಅಡವಿದು. ಆದ್ರ ಊರಿಗೆ ಬಂದು ಹೇಳೋವಾಗ ಕಾಲು ಬೊಬ್ಬಿ ತೋರಸ್ತಾರ, ತ್ರಾಸ ಹೇಳ್ತಾರ. ಖುಷಿ ಆತು ಅಂತ ಯಾರೂ ಹೇಳಂಗಿಲ್ಲ, ಹೇಳಿದ್ರ ಪುಣ್ಯ ಕಡಿಮಿ ಆಗ್ತೈತೇನೋ ಅನ್ನೋ ಅಂಜಿಕಿ.

ಅದೇ ಶ್ರೀಶೈಲಕ್ಕ ಅಕ್ಕಮಹಾದೇವಿ ಹೋಗಿದ್ಲು. ಉಡುತಡಿಯಿಂದ ಕಲ್ಯಾಣಕ್ಕ, ಕಲ್ಯಾಣದಿಂದ ಕದಳಿಗೆ, ಒಬ್ಬಾಕಿನ. ನಮಗ ಮದುವಿ ಆದ ಹೊಸದಾಗ ಹೇಳೋದು ಮಾತ್ರ ಹೇಮರಡ್ಡಿ ಮಲ್ಲಮ್ಮನ ಕಥಿ, ಅತ್ತಿ ಮನಿ ಕಾಟ ಹೆಂಗ ಸಹಿಸಿದ್ಲು ಅಂತ. ಇಬ್ಬರೂ ಅದೇ ಮಲ್ಲಯ್ಯನ ಭಕ್ತರು. ಮನಿಯೊಳಗ ಉಳದಾಕಿ ಕಥಿ ಅಡಗಿಮನಿಗೆ ಬಂತು, ಗುಡ್ಡ ಹತ್ತಿದಾಕಿ ವಚನ ಪಠ್ಯಪುಸ್ತಕಕ್ಕ ಹೋತು.

ಒಂದು ತಕರಾರು ಮಾತ್ರ ನಾನು ಒಪ್ಪಬೇಕು: ಅಂಜಿಕಿ ಐತಿ. ಕೆಲವು ಬಂಡಿ ಸಂದಿಯೊಳಗ ಕುಡುಕರು ಕುಂತಿರ್ತಾರ, ಒಡದ ಬಾಟ್ಲಿ ಬಿದ್ದಿರ್ತಾವ, ಹೆಣ್ಮಕ್ಕಳಿಗೆ ಕಾಲು ಮಡಿಯಾಕ ಜಾಗ ಸಿಗೋದ ಕಷ್ಟ. "ಅದಕ್ಕ ಹೋಗಬ್ಯಾಡ್ರಿ ಅಂತೀವಿ" ಅಂತಾರ. ಕುಡುಕನ್ನ ಗುಡ್ಡದಿಂದ ಇಳಸೋದು ಬಿಟ್ಟು ನಮ್ಮನ್ನ ಮನಿಯೊಳಗ ಇಡೋದು ಯಾವ ನ್ಯಾಯ? ಮಸ್ಕಿ ಈಗ ತಾಲೂಕು ಆಗೈತಿ. ತಾಲೂಕಿಗೆ ಒಂದು ಗುಡ್ಡ, ಗುಡ್ಡಕ್ಕ ಒಂದು ಶೌಚಾಲಯ, ಒಂದು ನಳ. ದೊಡ್ಡ ಬೇಡಿಕಿ ಅಲ್ಲ. ಹೆಣ್ಮಕ್ಕಳು ಗುಂಪು ಗುಂಪಾಗಿ ಹೋಗಾಕ ಹತ್ತಿದ್ರ ಕುಡುಕರು ತಾವಾಗಿ ಜಾಗ ಬದಲಸ್ತಾರ, ಅವರಿಗೂ ಗುರ್ತಿನವರ ಕಣ್ಣಿಗೆ ಬೀಳೋದು ಬ್ಯಾಡಾಗಿರ್ತೈತಿ.

ಹೋಗೋರಿಗೆ ಇಷ್ಟು. ಬೆಳಕು ಹರಿಯೋದ್ರಾಗ ಬುಡದಾಗ ಇರ್ರಿ, ಹತ್ತು ಗಂಟಿಯೊಳಗ ಇಳೀರಿ, ಅದರ ಮ್ಯಾಲ ಕಲ್ಲು ಕಾವು ಉಗಳತೈತಿ. ಒಬ್ಬೊಬ್ರಿಗೆ ಎರಡು ಲೀಟರ್ ನೀರು. ಹವಾಯಿ ಚಪ್ಪಲಿ ಬ್ಯಾಡ, ಮಗಳ ಶಾಲಿ ಬೂಟು ಬರ್ತಾವ ಅಂದ್ರ ಹಾಕ್ಕೊಂಡು ಹೋಗ್ರಿ, ನಾನು ಅದನ್ನ ಮಾಡೀನಿ. ಈ ದಿನಮಾನದಾಗ ಬಂಡಿ ಸಂದಿಗೆ ಹೆಜ್ಜೇನು ಕಟ್ಟಿರ್ತಾವ. ವಾಸನಿ ಎಣ್ಣಿ, ಸೆಂಟು ಹಚ್ಕೋಬ್ಯಾಡ್ರಿ, ಅಲ್ಲಿ ಒಲಿ ಹೂಡಿ ಹೊಗಿ ಎಬ್ಬಿಸಬ್ಯಾಡ್ರಿ, ಹುಡ್ರು ಕಲ್ಲು ಒಗೀದಂಗ ನೋಡ್ಕೋರಿ. ಶಾಸನದ ಕಲ್ಲಿಗೆ ಕೈ ಹಚ್ಚಬ್ಯಾಡ್ರಿ. ಬುತ್ತಿ ಹಗುರ ಇರ್ಲಿ, ಹಿಂದಿನ ದಿನದ ಕಟಿ ರೊಟ್ಟಿ ಸಾಕು, ಅದರ ಸಲುವಾಗಿ ನಾಕಕ್ಕ ಎದ್ದು ಒಲಿ ಹಚ್ಚಿದ್ರ ನಾನು ಬರದದ್ದೆಲ್ಲಾ ದಂಡ. ಲಿಂಗಸೂರು ಕಡಿಯವರಿಗೆ ಮುದಗಲ್ಲ ಕೋಟಿ ಹತ್ರ, ಇನ್ನೊಂದು ವಾರ ಕೃಷ್ಣಾ ನದಿ ನಡುವಿನ ಜಲದುರ್ಗ ಆಗ್ತೈತಿ.

ನಾವು ಬರೋ ಐತವಾರ ಮಸ್ಕಿಗೆ ಹೊಂಟೀವಿ, ಈ ಸಲ ಏಳು ಮಂದಿ. ಅಜ್ಜಿ ಮೊದಲನೇ ಸೀಟು ತನಗ ಅಂದಾಳ. ನಮ್ಮನಿಯವರು ಅವತ್ತು ಮುಂಜಾನಿ ನಳದ ನೀರು ತುಂಬಸ್ತೀನಿ ಅಂದಾರ, ತುಂಬಿಸಿದ್ರೋ ಇಲ್ಲೋ ಬಂದು ನೋಡ್ಬೇಕು.